ಅರ್ಬನ್ ಶಾಮನ್ (ಕಾದಂಬರಿ)

ಅರ್ಬನ್ ಶಾಮನ್ ಅಮೆರಿಕದ ಲೇಖಕಿ ಸಿ. ಇ. ಮರ್ಫಿ ಅವರು ಇಂಗ್ಲಿಷಿನಲ್ಲಿ ಬರೆದ ಕಾದಂಬರಿ. ಹಾರ್ಲೆಕ್ವಿನ್ ಸಂಸ್ಥೆಯ ಲೂನಾ ವಿಭಾಗವು ಇದನ್ನು 2005ರಲ್ಲಿ ಪ್ರಕಟಿಸಿತು. ಇದು 'ವಾಕರ್ ಪೇಪರ್ಸ್' ಸರಣಿಯ ಮೊದಲ ಕೃತಿ. ಆಧುನಿಕ ನಗರದ ನಿತ್ಯಜೀವನದೊಳಗೆ ಅತಿಮಾನುಷ ಶಕ್ತಿಗಳನ್ನು ತರುವ 'ಅರ್ಬನ್ ಫ್ಯಾಂಟಸಿ' ಪ್ರಕಾರಕ್ಕೆ ಈ ಕೃತಿ ಸೇರುತ್ತದೆ. ಕೆಲ್ಟಿಕ್ ಪುರಾಣ, ಶಾಮನ್ ವಿದ್ಯೆ ಮತ್ತು ಕೊಲೆ ಪ್ರಕರಣದ ಶೋಧ ಇದರಲ್ಲಿ ಒಂದೇ ಕಥೆಯಾಗಿ ಹೆಣೆದುಕೊಂಡಿವೆ.

ಕಥಾವಸ್ತು

ಕಥೆ ನಡೆಯುವುದು ಅಮೆರಿಕದ ಸಿಯಾಟಲ್ ನಗರದಲ್ಲಿ. ನಾಯಕಿ ಜೊಆನ್ ವಾಕರ್ ಪೊಲೀಸ್ ಇಲಾಖೆಯ ವಾಹನಗಳನ್ನು ದುರಸ್ತಿ ಮಾಡುವ ಮೆಕ್ಯಾನಿಕ್. ಆಕೆಯ ತಂದೆ ಚೆರೋಕೀ ಬುಡಕಟ್ಟಿನವನು, ತಾಯಿ ಐರ್ಲೆಂಡಿನವಳು. ತಾಯಿಯ ಮರಣಾನಂತರ ಐರ್ಲೆಂಡಿನಿಂದ ಮರಳುವಾಗ, ವಿಮಾನದ ಕಿಟಕಿಯಿಂದ ಒಬ್ಬ ಮಹಿಳೆ ಪ್ರಾಣಭಯದಿಂದ ಓಡುತ್ತಿರುವುದನ್ನು ಆಕೆ ಕಾಣುತ್ತಾಳೆ. ಟ್ಯಾಕ್ಸಿ ಚಾಲಕ ಗ್ಯಾರಿಯ ನೆರವಿನಿಂದ ಆಕೆಯನ್ನು ಹುಡುಕಿ ಹೊರಡುತ್ತಾಳೆ. ಮೇರಿ ಎಂಬ ಆ ಮಹಿಳೆ ತನ್ನನ್ನು ಬೆನ್ನಟ್ಟಿರುವವನು ಕೊಂಬುಳ್ಳ ದೇವತೆ ಕೆರ್ನುನ್ನೋಸ್ ಎಂದು ತಿಳಿಸುತ್ತಾಳೆ.

ಕೆರ್ನುನ್ನೋಸ್‌ನ ಕತ್ತಿಯ ಇರಿತದಿಂದ ಜೊಆನ್ ಸಾವಿನ ಅಂಚನ್ನು ತಲುಪುತ್ತಾಳೆ. ಆ ಸ್ಥಿತಿಯಲ್ಲಿ ಮಾತನಾಡುವ ಒಂದು ಕೊಯೋಟಿ (ತೋಳವನ್ನು ಹೋಲುವ ಉತ್ತರ ಅಮೆರಿಕದ ಪ್ರಾಣಿ) ಎದುರಾಗಿ, ಸಾಯಬೇಕೋ ಅಥವಾ ಶಾಮನ್ ಆಗಿ ಬದುಕಬೇಕೋ ಎಂಬ ಆಯ್ಕೆಯನ್ನು ಮುಂದಿಡುತ್ತದೆ. ಬದುಕನ್ನು ಆರಿಸಿಕೊಂಡ ಆಕೆಗೆ ತನ್ನ ಶಕ್ತಿಯನ್ನು ಅರಿತು, ದೇವತೆಯ ಬೇಟೆಯ ದಂಡನ್ನು ತಡೆಯಲು ಉಳಿದಿರುವುದು ಮೂರೇ ದಿನ. ಅಷ್ಟರಲ್ಲಿ ಮೇರಿಯ ಕೊಲೆಯಾಗುತ್ತದೆ. ಶೋಧ ಮುಂದುವರಿದಂತೆ, ಕೆರ್ನುನ್ನೋಸ್‌ನ ಮಗ ಹರ್ನ್‌ನ ಕೈವಾಡ ಬಯಲಾಗುತ್ತದೆ.

ಪ್ರಮುಖ ಪಾತ್ರಗಳು

* ಜೊಆನ್ ವಾಕರ್: ಕಥೆಯ ನಿರೂಪಕಿ. ಜನ್ಮನಾಮ ಶಿವಾನ್ ವಾಕಿಂಗ್‌ಸ್ಟಿಕ್.
* ಗ್ಯಾರಿ ಮಲ್ಡೂನ್: ವಯಸ್ಸಾದ ಟ್ಯಾಕ್ಸಿ ಚಾಲಕ, ಜೊಆನ್‌ಳ ಆಪ್ತ.
* ಮೈಕೆಲ್ ಮಾರಿಸನ್: ಜೊಆನ್‌ಳ ಮೇಲಧಿಕಾರಿ. ಆಕೆ ರಜೆಯಲ್ಲಿದ್ದಾಗ ಮೆಕ್ಯಾನಿಕ್ ಹುದ್ದೆ ಬೇರೊಬ್ಬರ ಪಾಲಾಗಿರುವುದರಿಂದ, ಆಕೆಯನ್ನು ಗಸ್ತಿನ ಕೆಲಸಕ್ಕೆ ನೇಮಿಸುತ್ತಾನೆ.
* ಬಿಲ್ಲಿ ಹಾಲಿಡೇ: ಅತಿಮಾನುಷ ಸಂಗತಿಗಳನ್ನು ನಂಬುವ ಪತ್ತೇದಾರ.

ಪುರಾಣ ಮತ್ತು ಜನಪದ ಮೂಲಗಳು

ಕೆರ್ನುನ್ನೋಸ್ ಪ್ರಾಚೀನ ಕೆಲ್ಟಿಕ್ ಜನರ ದೇವತೆ. ಪ್ಯಾರಿಸ್‌ನಲ್ಲಿ ದೊರೆತ, ಕ್ರಿ.ಶ. 1ನೇ ಶತಮಾನದ ಶಿಲಾಸ್ತಂಭವೊಂದರಲ್ಲಿ ಈ ದೇವತೆಯ ಹೆಸರು ಮತ್ತು ಚಿತ್ರಗಳೆರಡೂ ಇವೆ. ಹರ್ನ್ ಇಂಗ್ಲೆಂಡಿನ ವಿಂಡ್ಸರ್ ಕಾಡಿನ ಐತಿಹ್ಯಕ್ಕೆ ಸೇರಿದ ಪ್ರೇತ. ಷೇಕ್ಸ್‌ಪಿಯರನ 'ದಿ ಮೆರಿ ವೈವ್ಸ್ ಆಫ್ ವಿಂಡ್ಸರ್' ನಾಟಕದಲ್ಲಿ ಅವನ ಉಲ್ಲೇಖವಿದೆ. ಇವರಿಬ್ಬರನ್ನು ತಂದೆ-ಮಗನನ್ನಾಗಿಸಿರುವುದು ಕಾದಂಬರಿಯ ಕಲ್ಪನೆ. ಆಕಾಶದಲ್ಲಿ ಸಾಗುವ ಬೇಟೆಯ ದಂಡಿನ ಕಥೆ ಉತ್ತರ ಯುರೋಪಿನ ಹಲವು ಜನಪದಗಳಲ್ಲಿ ಕಂಡುಬರುತ್ತದೆ.

'ಶಾಮನ್' ಎಂಬ ಪದ ಸೈಬೀರಿಯಾದ ತುಂಗುಸ್ ಭಾಷೆಗಳಿಂದ ಬಂದುದು, ಚೆರೋಕೀ ಭಾಷೆಯದಲ್ಲ. ಕೊಯೋಟಿಯ ಕಥೆಗಳೂ ಮುಖ್ಯವಾಗಿ ಪಶ್ಚಿಮ ಅಮೆರಿಕದ ಬುಡಕಟ್ಟುಗಳಲ್ಲಿ ಪ್ರಚಲಿತವಾಗಿವೆ. ಚೆರೋಕೀ ಕಥೆಗಳಲ್ಲಿ ತಂತ್ರಗಾರನ ಸ್ಥಾನ ಮೊಲದ್ದು. ಆದ್ದರಿಂದ ಈ ಕಾದಂಬರಿಯ ಶಾಮನ್ ವಿದ್ಯೆಯು ಭಿನ್ನ ಪರಂಪರೆಗಳ ಮಿಶ್ರಣವೇ ಹೊರತು ಚೆರೋಕೀ ಆಚರಣೆಯ ಯಥಾವತ್ ಚಿತ್ರಣವಲ್ಲ.

ವಸ್ತು ಮತ್ತು ನಿರೂಪಣೆ

ಜೊಆನ್ ಮಂತ್ರತಂತ್ರಗಳನ್ನು ನಂಬದವಳು. ಗಾಯಗಳನ್ನು ಮಾಯಿಸಲು ಆಕೆ ಬಳಸುವುದು ತಾನು ಬಲ್ಲ ಕಸುಬಿನ ಪರಿಭಾಷೆಯನ್ನೇ: ದೇಹವನ್ನು ಕೆಟ್ಟುನಿಂತ ಕಾರಿನಂತೆ ಭಾವಿಸಿಕೊಂಡು, ಅದರ ಭಾಗಗಳನ್ನು ಮನಸ್ಸಿನಲ್ಲೇ ದುರಸ್ತಿ ಮಾಡುತ್ತಾಳೆ. ತಾನು ದೂರವಿಟ್ಟಿದ್ದ ತಂದೆ-ತಾಯಿಯರ ಎರಡು ಪರಂಪರೆಗಳನ್ನು ಆಕೆ ಒಪ್ಪಿಕೊಳ್ಳುವಳೇ ಎಂಬ ಪ್ರಶ್ನೆ, ಕೊಲೆಗಾರ ಯಾರು ಎಂಬ ಪ್ರಶ್ನೆಯ ಜೊತೆಜೊತೆಗೇ ಸಾಗುತ್ತದೆ. ಉತ್ತಮ ಪುರುಷ ನಿರೂಪಣೆಯಲ್ಲಿ ವ್ಯಂಗ್ಯ ಮತ್ತು ಹಾಸ್ಯ ಎದ್ದು ಕಾಣುತ್ತವೆ.

ಸರಣಿಯ ಮುಂದುವರಿಕೆ

ಎರಡನೆಯ ಕಾದಂಬರಿ 'ಥಂಡರ್‌ಬರ್ಡ್ ಫಾಲ್ಸ್' 2006ರಲ್ಲಿ ಪ್ರಕಟವಾಯಿತು. 2014ರ 'ಶಾಮನ್ ರೈಸಸ್' ಕಾದಂಬರಿಯೊಂದಿಗೆ ಜೊಆನ್‌ಳ ಕಥೆ ಮುಕ್ತಾಯಗೊಂಡಿತು.