ಡಿಎಸ್ 456ರ ಕಡತದಲ್ಲಿ ಹವಾಮಾನವನ್ನು ಹುಡುಕುತ್ತ

ಸೂರ್ಯ ಟವರ್ಸ್, ಸರ್ದಾರ್ ಪಟೇಲ್ ರಸ್ತೆ. ಚಂದ್ರಲೋಕ ಕಾಂಪ್ಲೆಕ್ಸ್, ಸರೋಜಿನಿ ದೇವಿ ರಸ್ತೆ. ಅರುಣಾ ಎನ್‌ಕ್ಲೇವ್, ತಿರುಮಲಗಿರಿ. ಮೂರೂ ಸಿಕಂದರಾಬಾದಿನ ವಿಳಾಸಗಳು. ದೇಶದ ಸೌರ ಮಾಡ್ಯೂಲ್ ತಯಾರಕರ ಹಳೆಯ ಪಟ್ಟಿಗಳನ್ನು ತಿರುವಿಹಾಕುವಾಗ ಇವು ಕಣ್ಣಿಗೆ ಬಿದ್ದವು. ಮೊದಲನೆಯದು ಈಗ ಸುರಾನಾ ಸೋಲಾರ್ ಎನಿಸಿಕೊಂಡಿರುವ ಸುರಾನಾ ವೆಂಚರ್ಸ್‌ನದು. ಎರಡನೆಯದು ಎಕ್ಸ್‌ಎಲ್ ಟೆಲಿಕಾಂನದು, ಮೂರನೆಯದು ಟೈಟಾನ್ ಎನರ್ಜಿ ಸಿಸ್ಟಮ್ಸ್‌ನದು. 1995ರಲ್ಲಿ ಶುರುವಾದ ಪ್ರೀಮಿಯರ್ ಸೋಲಾರ್ ಕೂಡ ಈ ಅವಳಿ ನಗರದ್ದೇ.

ಈ ವಿಳಾಸಗಳ ಬೆನ್ನು ಹತ್ತಲು ಕಾರಣವಿತ್ತು. 2016ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಭಾರತ ಒಂದು ಮೊಕದ್ದಮೆಯನ್ನು ಸೋತಿತು. ಸರ್ಕಾರದ ಸೌರ ಯೋಜನೆಗೆ ಬಳಸುವ ಸೆಲ್ ಮತ್ತು ಮಾಡ್ಯೂಲ್ ಭಾರತದಲ್ಲೇ ತಯಾರಾಗಿರಬೇಕೆಂಬ ನಮ್ಮ ಷರತ್ತು ನಿಯಮಬಾಹಿರವೆಂದು ಜಿನೀವಾದಲ್ಲಿ ತೀರ್ಪಾಯಿತು. ಆ ಷರತ್ತು ಯಾರ ರಕ್ಷಣೆಗೆ ಇತ್ತೋ ಅಂಥ ಕಾರ್ಖಾನೆಗಳು ಈ ಊರಿನಲ್ಲಿ ಹಲವಿದ್ದವು. ಭೂಮಿ ಬಿಸಿಯಾಗುವುದನ್ನು ತಡೆಯಲೆಂದೇ ಹುಟ್ಟಿದ ಯೋಜನೆಯೊಂದು ಕಟಕಟೆಯಲ್ಲಿ ನಿಂತಾಗ ಹವಾಮಾನದ ಪರವಾಗಿ ಯಾರಾದರೂ ವಾದಿಸಿದ್ದರೇ? ನನಗೆ ಬೇಕಾಗಿದ್ದದ್ದು ಈ ಒಂದು ಪ್ರಶ್ನೆಗೆ ಉತ್ತರ.

ಮೊದಲು ಹಿಡಿದದ್ದು ಕಂಪನಿಗಳ ವಾರ್ಷಿಕ ವರದಿ ಮತ್ತು ಪ್ರಾಸ್ಪೆಕ್ಟಸ್‌ಗಳನ್ನು. ಶಂಷಾಬಾದ್ ವಿಮಾನ ನಿಲ್ದಾಣದ ಹತ್ತಿರ, ರಾವಿರ್ಯಾಲದ ಬಳಿ, ಅಂದಿನ ಆಂಧ್ರ ಸರ್ಕಾರ ಫ್ಯಾಬ್ ಸಿಟಿಗೆಂದು ಜಾಗ ಮಾಡಿಕೊಟ್ಟಿತ್ತು. ಅಲ್ಲಿ ಕಂಪ್ಯೂಟರ್ ಚಿಪ್ ತಯಾರಾಗಬೇಕಿತ್ತು. ಚಿಪ್ ಕಾರ್ಖಾನೆ ಬರಲಿಲ್ಲ, ಸೌರ ಕಂಪನಿಗಳು ಬಂದವು. ಆದರೆ ಅಲ್ಲಿನ ಬಹುಪಾಲು ಕೆಲಸ ಜೋಡಣೆಯದು. ಬೀದರ್ ಕಡೆಯಿಂದ ಬಂದು ಇಲ್ಲೇ ನೆಲೆಸಿ, ಮಾಡ್ಯೂಲ್ ಲೈನಿನಲ್ಲಿ ವರ್ಷಗಟ್ಟಲೆ ದುಡಿದ ಹಿರಿಯರೊಬ್ಬರನ್ನು ಮಾತಾಡಿಸಿದೆ. ನಾನು ಕಾಕಾ ಎಂದು ಕರೆಯುವ ಅವರು ಕೈಸನ್ನೆಯಲ್ಲೇ ಎಲ್ಲವನ್ನೂ ತೋರಿಸಿದರು. ಹೊರಗಿನಿಂದ ಬಂದ ಸೆಲ್‌ಗಳನ್ನು ತಾಮ್ರದ ಪಟ್ಟಿಯಿಂದ ಬೆಸೆದು ಸಾಲು ಮಾಡಬೇಕು. ಗಾಜಿಗೂ ಹಿಂಬದಿಯ ಹಾಳೆಗೂ ನಡುವೆ ಇವಿಎ ಎಂಬ ಪ್ಲಾಸ್ಟಿಕ್ ಹಾಳೆ ಹಾಸಿ ಲ್ಯಾಮಿನೇಟರ್‌ನಲ್ಲಿ ಬಿಸಿಯೊತ್ತಬೇಕು. ಆಮೇಲೆ ಅಲ್ಯೂಮಿನಿಯಂ ಚೌಕಟ್ಟು, ಬೆನ್ನಿಗೆ ಜಂಕ್ಷನ್ ಬಾಕ್ಸ್. ಸೆಲ್ ಬಂದರೆ ಕೆಲಸ, ಬಾರದಿದ್ದರೆ ಲೈನು ನಿಂತೇ ಬಿಡುತ್ತಿತ್ತಂತೆ. ಅವರು ಹೇಳಿದ ಮೇಲೆಯೇ ವರದಿಗಳಲ್ಲಿನ ಆಮದು ಕಚ್ಚಾವಸ್ತುವಿನ ಅಂಕಿಗಳು ನನಗೆ ಅರ್ಥವಾಗತೊಡಗಿದ್ದು.

2010ಕ್ಕೆ ಮೊದಲು ಭಾರತದಲ್ಲಿ ತಯಾರಾದ ಮಾಡ್ಯೂಲ್‌ಗಳಲ್ಲಿ ಹೆಚ್ಚಿನವು ಜರ್ಮನಿ, ಸ್ಪೇನ್‌ಗಳಿಗೆ ಹೋಗುತ್ತಿದ್ದವು. 2008ರ ಸೆಪ್ಟೆಂಬರಿನಲ್ಲಿ ಸ್ಪೇನ್ ತನ್ನ ಸೌರ ವಿದ್ಯುತ್ ಪ್ರೋತ್ಸಾಹಕ್ಕೆ ಮಿತಿ ಹಾಕಿದ್ದೇ ತಡ, ಜಗತ್ತಿನ ಅತಿದೊಡ್ಡ ಮಾರುಕಟ್ಟೆ ರಾತ್ರೋರಾತ್ರಿ ಕುಸಿಯಿತು. ಯಾರದೋ ದೇಶದ ಒಂದು ಆದೇಶಕ್ಕೆ ಇಲ್ಲಿನ ಲೈನು ನಿಲ್ಲುವ ಈ ಸಂಬಂಧ ಈ ಕಥೆಯಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ.

ಎರಡನೆಯ ಕಂತೆ ದೆಹಲಿಯದು: 2010ರ ಜನವರಿ 11ರಂದು ಪ್ರಧಾನಿ ಮನಮೋಹನ್ ಸಿಂಗ್ ಚಾಲನೆ ಕೊಟ್ಟ ಜವಾಹರಲಾಲ್ ನೆಹರೂ ರಾಷ್ಟ್ರೀಯ ಸೌರ ಮಿಷನ್‌ನ ಮಾರ್ಗಸೂಚಿಗಳು. 2022ರ ಹೊತ್ತಿಗೆ 20,000 ಮೆಗಾವಾಟ್ ಅದರ ಗುರಿ. ಮೊದಲ ಹಂತದ ಮೊದಲ ಕಂತಿನಲ್ಲಿ ಕ್ರಿಸ್ಟಲೈನ್ ಸಿಲಿಕಾನ್ ಮಾಡ್ಯೂಲ್ ದೇಶದಲ್ಲಿ ತಯಾರಾಗಿರಬೇಕೆಂದಿತ್ತು. ಎರಡನೆಯ ಕಂತಿನಲ್ಲಿ ಸೆಲ್ ಕೂಡ ಇಲ್ಲಿಯದೇ ಆಗಿರಬೇಕೆಂದಾಯಿತು. ಆದರೆ ಎರಡರಲ್ಲೂ ಥಿನ್ ಫಿಲ್ಮ್ ಎಂಬ ಇನ್ನೊಂದು ಬಗೆಯ ಫಲಕಕ್ಕೆ ವಿನಾಯಿತಿ ಇತ್ತು. ಮಾರ್ಗಸೂಚಿಯ ಆ ಸಾಲನ್ನು ಓದಿದ ಮೇಲೆ ಮುಂದಿನದ್ದೆಲ್ಲ ಬಿಚ್ಚಿಕೊಳ್ಳುತ್ತದೆ.

ಥಿನ್ ಫಿಲ್ಮ್‌ನಲ್ಲಿ ಮುಂದಿದ್ದದ್ದು ಅಮೆರಿಕದ ಫಸ್ಟ್ ಸೋಲಾರ್. ಅದರ ಫಲಕ ಕೊಳ್ಳುವ ಭಾರತೀಯ ಯೋಜನೆಗಳಿಗೆ ಅಮೆರಿಕ ಸರ್ಕಾರದ ಎಕ್ಸಿಮ್ ಬ್ಯಾಂಕ್ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಕೊಡುತ್ತಿತ್ತು. ರಾಜಸ್ಥಾನದಲ್ಲಿ 40 ಮೆಗಾವಾಟ್ ಸ್ಥಾವರ ಕಟ್ಟಿದ ದಹಾನು ಸೋಲಾರ್‌ಗೆ ಹೀಗೆ ಸಿಕ್ಕ ಸಾಲ ಸುಮಾರು 84 ಮಿಲಿಯನ್ ಡಾಲರ್. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳಿಗೆ ಮೂರು ವರ್ಷದಲ್ಲಿ 30 ಬಿಲಿಯನ್ ಡಾಲರ್ ಹವಾಮಾನ ನೆರವು ಕೊಡುವುದಾಗಿ ಮಾತು ಕೊಟ್ಟಿದ್ದವು. ಅಮೆರಿಕ ತನ್ನ ಪಾಲಿನ ಲೆಕ್ಕದಲ್ಲಿ ಇಂಥ ರಫ್ತು ಸಾಲಗಳನ್ನೂ ಸೇರಿಸಿತು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಆಗಲೇ ಇದನ್ನು ಬೊಟ್ಟು ಮಾಡಿ ತೋರಿಸಿತ್ತು. ಹವಾಮಾನದ ಹೆಸರಿನ ಹಣ ಓಹಾಯೋದ ಕಾರ್ಖಾನೆಗೆ ಆರ್ಡರ್ ಆಗಿ ಹಿಂದಿರುಗುತ್ತಿತ್ತು. ಇತ್ತ ಇಲ್ಲಿನ ಲ್ಯಾಮಿನೇಟರ್‌ಗಳು ತಣ್ಣಗೆ ಕುಳಿತಿದ್ದವು. ಎಷ್ಟು ಫಲಕ ಬಂತೆಂದು ವ್ಯಾಪಾರದ ಅಂಕಿಗಳಲ್ಲಿ ಹುಡುಕುವುದೂ ಸುಲಭವಲ್ಲ. 2022ರವರೆಗೆ ಅಂತರರಾಷ್ಟ್ರೀಯ ಸುಂಕ ಸಂಕೇತ 8541.40ರಡಿ ಸೌರ ಸೆಲ್, ಮಾಡ್ಯೂಲ್, ಎಲ್‌ಇಡಿ ಎಲ್ಲವೂ ಒಟ್ಟಿಗೇ ಇದ್ದವು.

2013ರ ಫೆಬ್ರವರಿ 6ರಂದು ಅಮೆರಿಕ ಭಾರತದ ಮೇಲೆ ದೂರು ಕೊಟ್ಟಿತು. ಅದಾದ ಮೇಲೆ ಸೌರ ಮಿಷನ್‌ನ ಎರಡನೆಯ ಹಂತದಲ್ಲಿ 750 ಮೆಗಾವಾಟ್‌ನ ಅರ್ಧ, ಅಂದರೆ 375 ಮೆಗಾವಾಟ್, ದೇಶೀಯ ಫಲಕಗಳಿಗೆ ಮೀಸಲಾಯಿತು. ಥಿನ್ ಫಿಲ್ಮ್‌ನ ವಿನಾಯಿತಿಯೂ ಹೋಯಿತು. 2014ರ ಫೆಬ್ರವರಿಯಲ್ಲಿ ಅಮೆರಿಕ ದೂರನ್ನು ವಿಸ್ತರಿಸಿತು. ಈ ವ್ಯಾಜ್ಯದ ಸಂಖ್ಯೆಯೇ ಡಿಎಸ್ 456.

ವಿಚಾರಣೆ ನಡೆಸಿದ ಪ್ಯಾನೆಲ್‌ನ ವರದಿ ಹೊರಬಂದದ್ದು 2016ರ ಫೆಬ್ರವರಿ 24ಕ್ಕೆ, ಮೇಲ್ಮನವಿ ಮಂಡಳಿಯದು ಅದೇ ವರ್ಷ ಸೆಪ್ಟೆಂಬರ್ 16ಕ್ಕೆ. ಇಷ್ಟು ಹೊತ್ತಿಗೆ ಪ್ಯಾರಿಸ್ ಒಪ್ಪಂದ ಆಗಿತ್ತು. ಅಂತರರಾಷ್ಟ್ರೀಯ ಸೌರ ಒಕ್ಕೂಟಕ್ಕೆ 2015ರ ನವೆಂಬರ್ 30ರಂದು ಪ್ಯಾರಿಸ್‌ನಲ್ಲೇ ಭಾರತ ಚಾಲನೆ ಕೊಟ್ಟಿತ್ತು. ಅದಾಗಿ ಮೂರು ತಿಂಗಳೊಳಗೆ ಪ್ಯಾನೆಲ್‌ನ ಈ ತೀರ್ಪು.

ವರದಿಗಳನ್ನು ನಾನು ಓದಿದ್ದು ಒಂದೇ ಗುರಿಯಿಂದ. ವ್ಯಾಪಾರ ಒಪ್ಪಂದವಾದ ಗ್ಯಾಟ್‌ನ 20ನೇ ವಿಧಿಯಲ್ಲಿ ವಿನಾಯಿತಿಗಳ ಪಟ್ಟಿಯಿದೆ. ಅದರ ‘ಬಿ’ ಉಪವಿಧಿ ಮನುಷ್ಯ, ಪ್ರಾಣಿ, ಸಸ್ಯಗಳ ಜೀವ ಮತ್ತು ಆರೋಗ್ಯದ ರಕ್ಷಣೆಗೆ. ‘ಜಿ’ ಉಪವಿಧಿ ಮುಗಿದುಹೋಗಬಲ್ಲ ನಿಸರ್ಗ ಸಂಪತ್ತಿನ ಸಂರಕ್ಷಣೆಗೆ. ಪರಿಸರದ ಹೆಸರಿನಲ್ಲಿ ನಿಯಮ ಮೀರಿದ ದೇಶ ನಿಲ್ಲಬೇಕಾದ ನೆಲೆ ಈ ಎರಡೇ. ಭಾರತದ ವಾದದಲ್ಲಿ ಇವೆರಡೂ ಇಲ್ಲ.

ಇದ್ದದ್ದು ಬೇರೆ ಮೂರು. ಸರ್ಕಾರಿ ಖರೀದಿಗೆ ಈ ನಿಯಮ ಅನ್ವಯಿಸದು ಎಂಬುದು ಮೊದಲನೆಯದು. ಸರ್ಕಾರ ಕೊಳ್ಳುವುದು ಕರೆಂಟನ್ನು, ಷರತ್ತು ಹಾಕಿರುವುದು ಸೆಲ್‌ಗಳ ಮೇಲೆ, ಎರಡೂ ಬೇರೆ ಎಂದು ಅದು ಬಿದ್ದುಹೋಯಿತು. ಒಂಟಾರಿಯೊ ಪ್ರಾಂತ್ಯದ ಸೌರ-ಪವನ ಯೋಜನೆಯ ವಿಷಯದಲ್ಲಿ ಕೆನಡಾ 2013ರಲ್ಲಿ ಸೋತದ್ದೂ ಇದೇ ತರ್ಕಕ್ಕೆ. ಎರಡನೆಯದು 20ನೇ ವಿಧಿಯ ‘ಜೆ’ ಉಪವಿಧಿ: ದೇಶದಲ್ಲಿ ಸೆಲ್‌ಗಳ ಕೊರತೆಯಿದೆ ಎಂಬ ವಾದ. ಹೊರಗಿನಿಂದ ಧಾರಾಳ ಸಿಗುತ್ತಿರುವಾಗ ಕೊರತೆ ಹೇಗಾಯಿತು ಎಂದು ಪೀಠ ಕೇಳಿತು. ಮೂರನೆಯದು ‘ಡಿ’ ಉಪವಿಧಿ, ಅಂದರೆ ಕಾನೂನು ಪಾಲನೆಗೆ ಈ ಷರತ್ತು ಅಗತ್ಯವೆಂಬ ವಾದ. 2003ರ ವಿದ್ಯುತ್ ಕಾಯ್ದೆ, 2008ರ ರಾಷ್ಟ್ರೀಯ ಹವಾಮಾನ ಕ್ರಿಯಾಯೋಜನೆ, ವಿಶ್ವಸಂಸ್ಥೆಯ ಹವಾಮಾನ ಒಪ್ಪಂದ, ರಿಯೊ ಘೋಷಣೆ ಇವನ್ನೆಲ್ಲ ಭಾರತ ಎದುರಿಗಿಟ್ಟಿತು. ಇವು ದೇಶದೊಳಗೆ ನೇರವಾಗಿ ಜಾರಿಯಾಗುವ, ಇಂಥದ್ದನ್ನು ಮಾಡಲೇಬೇಕೆಂದು ಕಟ್ಟುಪಾಡು ಹಾಕುವ ಕಾನೂನುಗಳೆಂದು ತೋರಿಸಲಾಗಿಲ್ಲ ಎಂದು ಪೀಠ ಹೇಳಿತು.

ಹವಾಮಾನ ಈ ಕಡತದೊಳಗೆ ಬಂದದ್ದು ಹೀಗೆ, ಹಿತ್ತಲ ಬಾಗಿಲಿನಿಂದ. ‘ಬಿ’, ‘ಜಿ’ಗಳನ್ನು ಏಕೆ ಹಿಡಿಯಲಿಲ್ಲ ಎಂದು ಊಹಿಸುವುದು ಕಷ್ಟವಲ್ಲ. ಸೌರ ವಿದ್ಯುತ್ತಿನಿಂದ ಇಂಗಾಲ ಕಡಿಮೆಯಾಗುತ್ತದೆ, ಸರಿ. ಆದರೆ ಫಲಕ ರಾವಿರ್ಯಾಲದಲ್ಲಿ ತಯಾರಾದರೆ ಮಾತ್ರ ಕಡಿಮೆಯಾಗುತ್ತದೆಂದು ಸಾಧಿಸುವುದು ಹೇಗೆ? ಈ ಪ್ರಶ್ನೆಯಲ್ಲಿ ತೂಕವಿದೆ. ಅಗ್ಗದ ಆಮದು ಫಲಕಗಳು ಸೌರ ವಿದ್ಯುತ್ತನ್ನು ಜನರ ಕೈಗೆ ತಂದದ್ದು ನಿಜ. 2011ರ ಕೊನೆಯ ಹರಾಜಿನಲ್ಲಿ ಯೂನಿಟ್‌ಗೆ 7.49 ರೂಪಾಯಿ ಎಂದರೆ ಬೆರಗು. 2016ರಲ್ಲಿ ಪಾವಗಡಕ್ಕಾಗಿ ಫಿನ್ಲೆಂಡಿನ ಫೋರ್ಟಂ ಕೂಗಿದ ದರ 4.79. 2017ರ ಮೇನಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2.44. ತುಮಕೂರು ಜಿಲ್ಲೆಯ ಬರದ ನೆಲದಲ್ಲಿ, ತಿರುಮಣಿ, ವಳ್ಳೂರು, ಬಾಲಸಮುದ್ರಗಳ ಸುತ್ತ, 13,000 ಎಕರೆಯಲ್ಲಿ 2,050 ಮೆಗಾವಾಟ್ ಪಾರ್ಕ್ ಏಳಲು ಈ ದರ ಕುಸಿತವೇ ನೆಲಗಟ್ಟು. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆಗೆ ಜಮೀನು ಕೊಟ್ಟ ಪಾವಗಡದ ರೈತನಿಗೂ ಸಿಕಂದರಾಬಾದಿನ ಬೆಸುಗೆಯವನಿಗೂ ಹಿತ ಒಂದೇ ಆಗಿರಲಿಲ್ಲ. ಇದನ್ನು ಮುಚ್ಚಿಟ್ಟು ಈ ಕಥೆ ಹೇಳಿದರೆ ಸುಳ್ಳಾಗುತ್ತದೆ.

ಹಾಗಿದ್ದರೂ ನಾನು ಷರತ್ತಿನ ಪರವೇ. ಸ್ಥಳೀಯವಾಗಿ ಕೆಲಸ, ಕೌಶಲ ಹುಟ್ಟದ ಕಡೆ ಹವಾಮಾನ ನೀತಿಗೆ ಜನಬೆಂಬಲ ನಿಲ್ಲುವುದಿಲ್ಲ. ಇದನ್ನು ಎಲ್ಲ ದೇಶಗಳೂ ಒಳಗೊಳಗೇ ಒಪ್ಪಿಕೊಂಡಿವೆ ಎಂಬುದಕ್ಕೆ ಮುಂದಿನ ಕಡತವೇ ಸಾಕ್ಷಿ. 2016ರ ಸೆಪ್ಟೆಂಬರಿನಲ್ಲಿ, ಮೇಲ್ಮನವಿ ತೀರ್ಪಿಗೆ ಒಂದು ವಾರ ಮೊದಲು, ಭಾರತ ಅಮೆರಿಕದ ಮೇಲೆ ದೂರು ಹಾಕಿತು: ಡಿಎಸ್ 510. ವಾಷಿಂಗ್ಟನ್, ಕ್ಯಾಲಿಫೋರ್ನಿಯಾ, ಮೊಂಟಾನಾ, ಮಿಷಿಗನ್, ಮಿನೆಸೋಟ ಸೇರಿ ಎಂಟು ರಾಜ್ಯಗಳು ಸ್ಥಳೀಯ ಫಲಕ ಬಳಸಿದವರಿಗೆ ಹೆಚ್ಚಿನ ಪ್ರೋತ್ಸಾಹ ಕೊಡುತ್ತಿದ್ದವು. 2019ರ ಜೂನ್ 27ರಂದು ಭಾರತ ಗೆದ್ದಿತು. ಅಮೆರಿಕ ಮೇಲ್ಮನವಿ ಹಾಕಿತು. ಡಿಸೆಂಬರ್ ಹೊತ್ತಿಗೆ ಮೇಲ್ಮನವಿ ಮಂಡಳಿಯೇ ಸಾಕಷ್ಟು ಸದಸ್ಯರಿಲ್ಲದೆ ನಿಂತುಹೋಯಿತು. ಕೊನೆಗೆ 2023ರ ಜೂನ್‌ನಲ್ಲಿ ಎರಡು ದೇಶಗಳೂ ಮಾತಾಡಿಕೊಂಡು ಆರು ವ್ಯಾಜ್ಯಗಳನ್ನು ಒಟ್ಟಿಗೆ ಕೈಬಿಟ್ಟವು. ಆ ಆರರಲ್ಲಿ 456, 510 ಎರಡೂ ಇದ್ದವು. ಹತ್ತು ವರ್ಷದ ವ್ಯಾಜ್ಯಕ್ಕೆ ಕೊನೆಗೂ ಸಿಕ್ಕ ಪರಿಹಾರ ಮಾತುಕತೆ. ಮೊದಲೇ ಅದನ್ನು ಮಾಡಬಹುದಿತ್ತು.

ಅಂಥ ಮಾತುಕತೆಗೆ ನಿಯಮಗಳಲ್ಲೇ ಎಲ್ಲಾದರೂ ಜಾಗವಿದೆಯೇ ಎಂದು ಹುಡುಕುತ್ತ ಸಬ್ಸಿಡಿ ಒಪ್ಪಂದದ 8ನೇ ವಿಧಿಗೆ ಬಂದೆ. ಈ ಹುಡುಕಾಟದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಪುಟ ಅದು. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದಾಗ ಕೆಲವು ಸಬ್ಸಿಡಿಗಳನ್ನು ಯಾರೂ ಪ್ರಶ್ನಿಸುವಂತಿಲ್ಲ ಎಂದು ದೇಶಗಳು ಒಪ್ಪಿದ್ದವು. ಹಳೆಯ ಕಾರ್ಖಾನೆಗಳನ್ನು ಹೊಸ ಪರಿಸರ ನಿಯಮಗಳಿಗೆ ಒಗ್ಗಿಸಲು ಒಮ್ಮೆ ಕೊಡುವ ನೆರವು, ವೆಚ್ಚದ ಶೇ 20ರವರೆಗೆ, ಆ ಪಟ್ಟಿಯಲ್ಲಿತ್ತು. ಐದು ವರ್ಷಕ್ಕೆ ಮಾಡಿದ್ದ ಆ ಏರ್ಪಾಟನ್ನು ಮುಂದುವರಿಸಲು ಒಮ್ಮತ ಬರಲಿಲ್ಲ. 1999ರ ಕೊನೆಗೆ ಅದು ತಾನಾಗಿ ಸತ್ತಿತು. ಅದು ಬದುಕಿದ್ದರೂ ಭಾರತದ ಷರತ್ತನ್ನು ಕಾಪಾಡುತ್ತಿರಲಿಲ್ಲ. ದೇಶೀಯ ವಸ್ತು ಬಳಸಲೇಬೇಕೆಂಬ ಷರತ್ತು ಆಗಲೂ ನಿಷಿದ್ಧವೇ. ಆದರೆ ಪರಿಸರಕ್ಕಾಗಿ ವ್ಯಾಪಾರದ ನಿಯಮ ಸ್ವಲ್ಪ ಸರಿದು ನಿಲ್ಲಬಹುದೆಂದು ಜಗತ್ತು ಒಮ್ಮೆ ಬರೆದು ಒಪ್ಪಿತ್ತು ಎಂಬುದಕ್ಕೆ ಅದು ದಾಖಲೆ. ಇಪ್ಪತ್ತೈದು ವರ್ಷಗಳಿಂದ ಆ ಜಾಗ ಖಾಲಿಯಿದೆ.

ತುಂಬುವ ಪ್ರಯತ್ನಗಳು ನಡೆದಿವೆ. 2014ರಲ್ಲಿ ಶುರುವಾದ ಪರಿಸರ ಸರಕುಗಳ ಸುಂಕ ಕಡಿತದ ಮಾತುಕತೆ 2016ರ ಡಿಸೆಂಬರಿನಲ್ಲಿ ಮುರಿದುಬಿತ್ತು. ಭಾರತ ಅದರಲ್ಲಿ ಇರಲೇ ಇಲ್ಲ. 2024ರ ನವೆಂಬರಿನಲ್ಲಿ ನ್ಯೂಜಿಲೆಂಡ್, ಕೋಸ್ಟರಿಕಾ, ಐಸ್‌ಲೆಂಡ್, ಸ್ವಿಟ್ಜರ್‌ಲೆಂಡ್ ಸೇರಿ ಹವಾಮಾನ ಮತ್ತು ವ್ಯಾಪಾರದ ಒಪ್ಪಂದಕ್ಕೆ ಸಹಿ ಹಾಕಿವೆ. ನಾಲ್ಕು ಪುಟ್ಟ ದೇಶಗಳು, ಆದರೂ ಮೇಲ್ಪಂಕ್ತಿಯೇ. ಉಳಿದವರು ತಮ್ಮ ತಮ್ಮ ಗೋಡೆ ಕಟ್ಟುತ್ತಿದ್ದಾರೆ. ಯುರೋಪಿನ ಗಡಿ ಇಂಗಾಲ ಶುಲ್ಕ, ಅಮೆರಿಕದ 2022ರ ಕಾಯ್ದೆಯಲ್ಲಿ ದೇಶೀಯ ಫಲಕಕ್ಕೆ ಹೆಚ್ಚುವರಿ ರಿಯಾಯಿತಿ, 2022ರ ಏಪ್ರಿಲ್‌ನಲ್ಲಿ ಭಾರತ ಮಾಡ್ಯೂಲ್‌ಗೆ ಹೇರಿದ ಶೇ 40, ಸೆಲ್‌ಗೆ ಹೇರಿದ ಶೇ 25 ಸುಂಕ. ನಮ್ಮದೇ ಸರ್ಕಾರಿ ಪಟ್ಟಿಯಲ್ಲಿರುವ ತಯಾರಕರಿಂದಲೇ ಕೊಳ್ಳಬೇಕೆಂಬ ನಿಯಮವೂ ಇದೆ.

ಆ ಗೋಡೆಗಳ ಆಸರೆಯಲ್ಲಿ ಹೈದರಾಬಾದ್ ಚೇತರಿಸಿಕೊಂಡಿತು. ಪ್ರೀಮಿಯರ್ ಈಗ ಸೆಲ್ಲನ್ನೂ ಇಲ್ಲೇ ತಯಾರಿಸುತ್ತದೆ. 2024ರ ಸೆಪ್ಟೆಂಬರಿನಲ್ಲಿ ಷೇರು ಮಾರುಕಟ್ಟೆಗೆ ಬಂತು, ಅಮೆರಿಕಕ್ಕೂ ಕಳಿಸಿದೆ. 2025ರ ಜುಲೈನಲ್ಲಿ ಅಮೆರಿಕದ ತಯಾರಕರು ಭಾರತ, ಇಂಡೊನೇಷ್ಯಾ, ಲಾವೋಸ್‌ನ ಫಲಕಗಳ ಮೇಲೆ ಹೆಚ್ಚುವರಿ ಸುಂಕ ಹಾಕಬೇಕೆಂದು ಅರ್ಜಿ ಕೊಟ್ಟರು. ಸ್ಪೇನಿನ ಆದೇಶಕ್ಕೆ ಒಮ್ಮೆ ತತ್ತರಿಸಿದ ಕಾರ್ಮಿಕರು ಆಗ ವಾಷಿಂಗ್ಟನ್‌ನ ಆದೇಶಕ್ಕೆ ಕಾಯಬೇಕಾಯಿತು.

ಇದಕ್ಕೆ ಒಂದು ದಾರಿ ಭಾರತಕ್ಕೆ ಚೆನ್ನಾಗಿ ಗೊತ್ತಿದೆ. 2013ರ ಡಿಸೆಂಬರಿನಲ್ಲಿ ಬಾಲಿಯಲ್ಲಿ ಆಹಾರ ದಾಸ್ತಾನಿನ ವಿಷಯದಲ್ಲಿ ನಾವು ಪಟ್ಟು ಹಿಡಿದು ‘ಶಾಂತಿ ಷರತ್ತು’ ಪಡೆದೆವು: ಶಾಶ್ವತ ಪರಿಹಾರ ಸಿಗುವವರೆಗೆ ಬಡವರ ಪಡಿತರದ ದಾಸ್ತಾನನ್ನು ಯಾರೂ ಕೋರ್ಟಿಗೆ ಎಳೆಯಬಾರದು. ಅಂಥದೇ ಒಂದನ್ನು ಸೌರ, ಪವನ ಉಪಕರಣಗಳಿಗೂ ಕೇಳಬೇಕು. ಕಾಲಮಿತಿ ಇರಲಿ, ಪ್ರಮಾಣದ ಮಿತಿಯೂ ಇರಲಿ. ಬಡ ದೇಶಗಳಿಗೆ ಮೊದಲ ಹಕ್ಕಿರಲಿ. ನಮ್ಮ ಮಿತಿಗಳನ್ನೂ ನಾವು ಬರೆದುಕೊಡೋಣ. ಕೇಳುವ ನೈತಿಕ ಹಕ್ಕು ನಮಗಿದೆ, ಏಕೆಂದರೆ ಸೋತವರೂ ಗೆದ್ದವರೂ ನಾವೇ.

456 ಮತ್ತು 510ರ ವರದಿಗಳು ವಿಶ್ವ ವ್ಯಾಪಾರ ಸಂಸ್ಥೆಯ ತಾಣದಲ್ಲಿ ಯಾರಿಗೂ ಉಚಿತ. ಕನ್ನಡದಲ್ಲಿ ಕಾನೂನು, ಅರ್ಥಶಾಸ್ತ್ರ ಓದುವ ಹುಡುಗ ಹುಡುಗಿಯರು ಅವನ್ನು ತೆರೆದು ಓದಬೇಕು. ಮುಂದಿನ ಮೊಕದ್ದಮೆಯಲ್ಲಿ ‘ಬಿ’, ‘ಜಿ’ಗಳನ್ನು ಹಿಡಿದು ವಾದಿಸುವ ವಕೀಲರು ನಮಗೆ ಬೇಕು.