ಪ್ರಭಾವನೆ ಮತ್ತು ಸ್ಥಿತಿಕರಣ: ಹಾಸನ ಸೀಮೆಯ ಚರಿತ್ರೆಯಿಂದ ಒಂದು ವಿಚಾರ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಕೊನೆಯ ಮೂರು ಸ್ಥಿತಿಕರಣ, ವಾತ್ಸಲ್ಯ ಮತ್ತು ಪ್ರಭಾವನೆ. ಧರ್ಮದಿಂದ ಜಾರುತ್ತಿರುವವನನ್ನು ಮರಳಿ ನೆಲೆಗೊಳಿಸುವುದು ಸ್ಥಿತಿಕರಣ. ಸಹಧರ್ಮಿಗಳಲ್ಲಿ ನಿಷ್ಕಪಟವಾದ ಪ್ರೀತಿಯನ್ನಿಡುವುದು ವಾತ್ಸಲ್ಯ. ಧರ್ಮದ ಮಹಿಮೆಯನ್ನು ಲೋಕಕ್ಕೆ ತೋರುವುದು ಪ್ರಭಾವನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರೂಪಿಸಿದ ಈ ಅಂಗಗಳನ್ನೇ ಅಳತೆಗೋಲಾಗಿ ಹಿಡಿದು, ನಮ್ಮ ನೆರೆಯ ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳು ಈ ಸೀಮೆಯಲ್ಲಿ ಜನರನ್ನು ಹೇಗೆ ಸೆಳೆದವು, ಹೇಗೆ ಉಳಿಸಿಕೊಂಡವು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಪರಮತ ನಿಂದೆ ಅನೇಕಾಂತವಾದಿಗೆ ತಕ್ಕದ್ದಲ್ಲ. ಪರರ ಗುಣವನ್ನು ಕಂಡು ನಮ್ಮ ಕೊರತೆಯನ್ನು ಅರಿಯುವುದಾದರೆ ಅದೂ ಒಂದು ಸ್ವಾಧ್ಯಾಯವೇ ಸರಿ.

ಮೊದಲು ಬಲಾತ್ಕಾರದ ಮಾತು. 1311ರಲ್ಲಿ ಮಲಿಕ್ ಕಾಫರನ ಸೈನ್ಯ ದೋರಸಮುದ್ರಕ್ಕೆ ಬಂದಿತು. ಸಂಪತ್ತು ಕೊಳ್ಳೆಹೋಯಿತಲ್ಲದೆ ಆ ದಾಳಿಯಿಂದ ನಾಡಿನ ನಂಬಿಕೆ ಬದಲಾಗಲಿಲ್ಲ. ಟಿಪ್ಪುವಿನ ಆಳ್ವಿಕೆಯಲ್ಲಿ ಬಲವಂತದಿಂದ ಇಸ್ಲಾಮಿಗೆ ಸೇರಿಸಲ್ಪಟ್ಟಿದ್ದ ಕ್ರೈಸ್ತರಲ್ಲಿ ಅನೇಕರು 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ತಮ್ಮ ಹಿಂದಿನ ಧರ್ಮಕ್ಕೆ ಮರಳಿದರು. ಕತ್ತಿಯಿಂದ ಬಂದವನು ಕತ್ತಿ ಕೆಳಗಿಳಿದ ದಿನವೇ ಹಿಂದಿರುಗುತ್ತಾನೆ. ಆದುದರಿಂದ ಈ ಧರ್ಮಗಳ ಸ್ಥಿರತೆಗೆ ಕಾರಣವನ್ನು ಬೇರೆಡೆ ಹುಡುಕಬೇಕು.

ಹಾಗೆ ಮರಳಿದವರನ್ನು ಒಗ್ಗೂಡಿಸಿದವರು ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್. ಅವರು ದೇಶೀಯ ಉಡುಪನ್ನು ಧರಿಸಿ ಇಲ್ಲಿಯವರಂತೆಯೇ ಬಾಳಿದರು. ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದರು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಬೇಸಾಯದ ನೆಲೆಯನ್ನು ಕಲ್ಪಿಸಿದರು. ಉಪದೇಶಕ್ಕಿಂತ ಮೊದಲು ಅನ್ನದ ದಾರಿ ಮಾಡಿದರು. ಹೀಗಿದ್ದೂ 1792ರಿಂದ 1823ರವರೆಗೆ ಭಾರತದಲ್ಲಿದ್ದು ತಾವು ಕ್ರೈಸ್ತರನ್ನಾಗಿ ಮಾಡಿದವರು ಇನ್ನೂರು ಮುನ್ನೂರು ಮಂದಿ ಮಾತ್ರವೆಂದು ಅವರೇ ಬರೆದರು. ಪ್ರಚಾರದಿಂದ ಬಂದವರು ಅಷ್ಟು ಅಲ್ಪ. ಆದರೆ ಇದ್ದವರನ್ನು ನೆಲೆಗೊಳಿಸಿದ ಕಾರ್ಯ ಉಳಿಯಿತು.

1876-78ರ ಮಹಾಕ್ಷಾಮ ಮತ್ತೊಂದು ಪಾಠ. 1871ರಲ್ಲಿ ಸುಮಾರು 50.5 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 41.9 ಲಕ್ಷಕ್ಕೆ ಇಳಿಯಿತು. ಬಂಧುಗಳಿಲ್ಲದೆ ಉಳಿದ ಮಕ್ಕಳನ್ನು ವೆಸ್ಲಿಯನ್ ಮಿಷನ್ ತನ್ನ ಅನಾಥಾಲಯಗಳಲ್ಲಿ ಸಾಕಿತು. ಹಾಸನದಲ್ಲಿ ಮುಂದೆ ಬೆಳೆದ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆಯೂ ಅದೇ ಮಿಷನ್ನಿನ ಪರಂಪರೆಯದು. ಹಸಿದ ಮಗುವಿಗೆ ಅನ್ನವಿಕ್ಕುವಾಗ ಧರ್ಮ ಬದಲಿಸುವ ಉದ್ದೇಶವೂ ಇತ್ತೆಂಬ ಆಕ್ಷೇಪ ನಿರಾಧಾರವೇನಲ್ಲ. ಆದರೆ ಆ ಮಗುವಿಗೆ ಅನ್ನವಿಕ್ಕಲು ಉಳಿದವರು ಏಕೆ ಮುಂದಾಗಲಿಲ್ಲ ಎಂಬ ಪ್ರಶ್ನೆಯನ್ನು ಆ ಆಕ್ಷೇಪ ಅಳಿಸಲಾರದು.

ಕಟ್ಟಡಕ್ಕಿಂತ ಸಭೆ ದೊಡ್ಡದೆಂಬುದಕ್ಕೆ ಗೊರೂರಿನ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಇಗರ್ಜಿ ಸಾಕ್ಷಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಅದು ಹೇಮಾವತಿ ಜಲಾಶಯವಾದ ಮೇಲೆ ಪಾಳುಬಿದ್ದು, ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ. ಕ್ರೈಸ್ತ ಕುಟುಂಬಗಳ ಧರ್ಮವು ಅದರೊಡನೆ ಮುಳುಗಲಿಲ್ಲ. ಜ್ಞಾನಸ್ನಾನ, ವಿವಾಹ, ಮರಣಗಳೆಲ್ಲ ದಾಖಲಾಗುವ ಧರ್ಮಕೇಂದ್ರದ ಪುಸ್ತಕವೂ ಭಾನುವಾರದ ಪೂಜೆಯೂ ಜನ ಹೋದೆಡೆಗೆ ಹೋಗುತ್ತವೆ.

ಇಸ್ಲಾಮಿನ ರೀತಿ ಬೇರೆ. ಈ ಸೀಮೆಗೆ ಅದು ಸೈನಿಕರೊಡನೆ ಮತ್ತು ವ್ಯಾಪಾರಿಗಳೊಡನೆ ಬಂದಿತು. ಸೂಫಿ ಸಂತರ ದರ್ಗಾಗಳಿಗೆ ಅನ್ಯಮತೀಯರೂ ಹರಕೆ ಹೊತ್ತರು. ಬೇಲೂರಿನ ಚೆನ್ನಕೇಶವನ ರಥೋತ್ಸವದಲ್ಲಿ ಖಾಜಿಯವರು ಕುರಾನ್ ಪಠಿಸುವ ವಾಡಿಕೆ ಆ ಸಹವಾಸದ ಗುರುತು. ಆಸ್ಪತ್ರೆ, ಅನಾಥಾಲಯಗಳು ಕ್ರೈಸ್ತರ ಮುಖ್ಯ ಬಲವಾದರೆ ಮುಸಲ್ಮಾನರ ಮುಖ್ಯ ಬಲ ನಿತ್ಯನಿಯಮ. ದಿನಕ್ಕೆ ಐದು ಬಾರಿ ನಮಾಜು, ಶುಕ್ರವಾರದ ಸಾಮೂಹಿಕ ಪ್ರಾರ್ಥನೆ, ರಂಜಾನಿನ ಉಪವಾಸ. ಹೊಳೆನರಸೀಪುರದ ಪೇಟೆಯಾಗಲಿ ಚನ್ನರಾಯಪಟ್ಟಣದ ಪೇಟೆಯಾಗಲಿ, ಶುಕ್ರವಾರ ಮಧ್ಯಾಹ್ನ ಮಾಲೀಕನೂ ಅವನ ಕೂಲಿಯಾಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಜಕಾತಿನ ಲೆಕ್ಕ ವ್ಯಾಪಾರಸ್ಥರಿಗೆ ಬೇಗ ತಿಳಿಯುತ್ತದೆ: ನಿಗದಿತ ಮಿತಿಗೆ ಮೇಲ್ಪಟ್ಟು ಒಂದು ವರ್ಷ ಕೈಯಲ್ಲಿ ಉಳಿದ ಧನಕ್ಕೆ, ಅಂಗಡಿಯ ಸರಕನ್ನೂ ಸೇರಿಸಿ, ನೂರಕ್ಕೆ ಎರಡೂವರೆ. ಇದನ್ನು ಕೊಡುವುದು ಔದಾರ್ಯವೆನಿಸದು, ಕೊಡದಿರುವುದು ಋಣವೆನಿಸುತ್ತದೆ.

ದೋಷಗಳು ಎರಡರಲ್ಲಿಯೂ ಇವೆ. ಇಗರ್ಜಿಯೊಳಕ್ಕೂ ಜಾತಿ ನುಸುಳಿತು. ಬಹಿಷ್ಕಾರದ ಭಯದಿಂದ ಸಮುದಾಯದಲ್ಲಿ ಉಳಿಯುವವರು ಎಲ್ಲ ಧರ್ಮಗಳಲ್ಲಿಯೂ ಉಂಟು. ಭಯದಿಂದ ಉಳಿದದ್ದನ್ನು ಸ್ಥಿತಿಕರಣವೆನ್ನಲಾಗದು.

ಇನ್ನು ನಮ್ಮ ಚರಿತ್ರೆ. ಅರಕಲಗೂಡು ಪ್ರಾಂತವನ್ನು ಆಳಿದ ಕೊಂಗಾಳ್ವರು ಜೈನರು. ವಿಷ್ಣುವರ್ಧನನು ವೈಷ್ಣವನಾದನೆಂಬ ಪ್ರತೀತಿಯಿದ್ದರೂ ರಾಣಿ ಶಾಂತಲೆಯೂ ದಂಡನಾಯಕ ಗಂಗರಾಜನೂ ಜಿನಧರ್ಮದಲ್ಲಿಯೇ ನೆಲೆನಿಂತರು. ಹುಳ್ಳನು 1159ರಲ್ಲಿ ಶ್ರವಣಬೆಳಗೊಳದಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದನು. ಆ ಬಸದಿಯಲ್ಲಿರುವ 1368ರ ಬುಕ್ಕರಾಯನ ಶಾಸನವನ್ನು ಜೈನ ಮತ್ತು ಶ್ರೀವೈಷ್ಣವರ ಸಾಮರಸ್ಯದ ದಾಖಲೆಯೆಂದು ನಾವು ಕೊಂಡಾಡುತ್ತೇವೆ. ಆದರೆ ಅದರಲ್ಲಿರುವ ಒಂದು ಏರ್ಪಾಟಿನ ಕಡೆಗೆ ಗಮನ ಕಡಿಮೆ. ರಾಜ್ಯದ ಜೈನರು ವರ್ಷಕ್ಕೆ ಮನೆಗೆ ಒಂದು ಹಣದಂತೆ ಕೊಡಬೇಕು. ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸಿ, ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ಸಿರಿವಂತನಿಗೂ ಬಡವನಿಗೂ ಅದೇ ಒಂದು ಹಣ. ಎಣಿಸಲ್ಪಟ್ಟ ಮನೆ ಮರೆಯಲ್ಪಡುವುದಿಲ್ಲ.

ಇಂದು ನಾವು ಮಾಡುತ್ತಿರುವುದೇನು? 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರು 4,40,280. ನೂರಕ್ಕೆ ಒಬ್ಬರೂ ಇಲ್ಲ. 2018ರ ಮಹಾಮಸ್ತಕಾಭಿಷೇಕವನ್ನು ಜಗತ್ತೇ ನೋಡಿತು. ಪ್ರಭಾವನೆಗೆ ನಮ್ಮಲ್ಲಿ ಬಡತನವಿಲ್ಲ. ಆದರೆ ಸಣ್ಣ ಊರುಗಳ ಮನೆಗಳಿಂದ ಮಕ್ಕಳು ಬೆಂಗಳೂರು ಸೇರಿದ ಮೇಲೆ, ಹಿಂದೆ ಉಳಿದ ವೃದ್ಧರು ಕಾಯಿಲೆ ಬಿದ್ದರೆ ವಿಚಾರಿಸುವವರು ಯಾರು? ಹೆಣ ಹೊರಲು ನಾಲ್ಕು ಹೆಗಲು ಕೂಡಿಸುವವರು ಯಾರು? ಕಲಶಗಳಿಗೆ ಸವಾಲು ಕೂಗುವಾಗ ಧನವಂತನ ಹೆಸರು ಸಭೆಗೆಲ್ಲ ಕೇಳುತ್ತದೆ; ಅಂಗಡಿಯೊಂದರಲ್ಲಿ ಗುಮಾಸ್ತನಾಗಿರುವ ಶ್ರಾವಕನು ಹಿಂದೆ ನಿಂತು ನೋಡುತ್ತಾನೆ. ತನ್ನ ಧರ್ಮದಲ್ಲಿ ತಾನು ಪ್ರೇಕ್ಷಕನೆಂದು ಅವನ ಮಗನಿಗೆ ಅನಿಸಿದರೆ ತಪ್ಪು ಆ ಮಗನದಲ್ಲ.

ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಗಳು ನಮ್ಮವೇ. ನೆರೆಯವರಿಂದ ಎರವಲು ತರಬೇಕಾದುದೇನೂ ಇಲ್ಲ. ಪ್ರತಿಯೊಂದು ಬಸದಿಯ ಟ್ರಸ್ಟ್ ತನ್ನ ಮನೆಗಳ ಪಟ್ಟಿಯನ್ನು, ಊರು ಬಿಟ್ಟು ಹೋದವರನ್ನೂ ಸೇರಿಸಿ, ಬರೆದಿಡಲಿ. ಕಡುಬಡವನೂ ಕೊಡಬಲ್ಲಷ್ಟು ಸಣ್ಣ ಮೊತ್ತವನ್ನು ಎಲ್ಲ ಮನೆಗಳಿಂದಲೂ ಸಮನಾಗಿ ಪಡೆಯಲಿ. ಅದರ ಒಂದು ಭಾಗವನ್ನು ಚಿಕಿತ್ಸೆಗೂ ಮಕ್ಕಳ ವಿದ್ಯೆಗೂ ಮೀಸಲಿಡಲಿ. ವಾರಕ್ಕೊಂದು ದಿನ, ಒಂದು ಗಂಟೆಯ ಸ್ವಾಧ್ಯಾಯಕ್ಕೆ ಐದೇ ಜನ ಬಂದರೂ ನಿಲ್ಲಿಸದಿರಲಿ. ಮುಂದಿನ ದಶಲಕ್ಷಣ ಪರ್ವದೊಳಗೆ ಆ ಪಟ್ಟಿಯಾದರೂ ಸಿದ್ಧವಾಗಲೆಂದು ಧರ್ಮಬಂಧುಗಳಲ್ಲಿ ವಿನಂತಿ.