ಸೈಕಲ್ ಕಂಪ್ಯೂಟರ್ ಏಕೆ ಬೇಕು? ಕೊಳ್ಳುವ ಮುನ್ನ ಏನೆಲ್ಲ ಗಮನಿಸಬೇಕು? ಇಲ್ಲಿದೆ ಪೂರ್ಣ ಮಾಹಿತಿ

ಮುಂಬೈನ ಜೋಗೇಶ್ವರಿಯಲ್ಲಿ ಬೆಳಗಿನ ಜಾವ ಸೈಕಲ್ ಹತ್ತಿದವರ ಮುಂದೆ ಹಲವು ದಾರಿಗಳಿವೆ. ಆರೆ ಕಾಲೊನಿಯ ಮರಗಳ ನಡುವಿನ ರಸ್ತೆಗೆ ಹೋಗಬಹುದು. ಜೋಗೇಶ್ವರಿ-ವಿಕ್ರೋಲಿ ಲಿಂಕ್ ರೋಡ್ ಹಿಡಿದು ಪೊವೈ ಕೆರೆಯತ್ತ ಸಾಗಬಹುದು. ಇಲ್ಲವೇ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಪಕ್ಕದಲ್ಲೇ ದಕ್ಷಿಣಕ್ಕೆ ಹೊರಡಬಹುದು. ದಾರಿ ಯಾವುದಾದರೂ, ಹವ್ಯಾಸಿ ಸೈಕ್ಲಿಸ್ಟ್‌ಗಳ ಹ್ಯಾಂಡಲ್ ಮೇಲೆ ಬೆಂಕಿಪೊಟ್ಟಣ ಗಾತ್ರದ ಒಂದು ಸಾಧನ ಕಾಣುತ್ತದೆ. ಅದೇ ಸೈಕಲ್ ಕಂಪ್ಯೂಟರ್.

ಕೆಲವು ನೂರು ರೂಪಾಯಿಗೂ ಇದು ಸಿಗುತ್ತದೆ, ಒಂದು ಒಳ್ಳೆಯ ಸೈಕಲ್‌ನ ಬೆಲೆಗೂ ಸಿಗುತ್ತದೆ. ಜೇಬಿನಲ್ಲಿ ಹೇಗೂ ಮೊಬೈಲ್ ಇರುವಾಗ ಇದು ಬೇಕೇ? ಬೇಕಿದ್ದರೆ ಯಾವುದನ್ನು ಕೊಳ್ಳಬೇಕು? ಇದಕ್ಕೆ ಉತ್ತರ ಅಂಗಡಿಯಲ್ಲಿಲ್ಲ, ನೀವು ಸೈಕಲ್ ಓಡಿಸುವ ರಸ್ತೆಯಲ್ಲಿದೆ.

ಸೈಕಲ್ ಕಂಪ್ಯೂಟರ್ ಎಂದರೇನು?

ಇದರ ಮೂಲ ಬಹಳ ಹಳೆಯದು. ಅಮೆರಿಕದ ಕರ್ಟಿಸ್ ವೀಡರ್ 1895ರಲ್ಲಿ ಚಕ್ರದ ಸುತ್ತುಗಳನ್ನು ಎಣಿಸಿ ದೂರ ತೋರಿಸುವ ಸೈಕ್ಲೋಮೀಟರ್‌ಗೆ ಪೇಟೆಂಟ್ ಪಡೆದರು. ಅದು ಹಲ್ಲುಚಕ್ರಗಳ ಮೇಲೆ ನಡೆಯುವ ಪುಟ್ಟ ಯಂತ್ರವಾಗಿತ್ತು. 1980ರ ದಶಕದಲ್ಲಿ ಜಪಾನಿನ ಕ್ಯಾಟ್‌ಐನಂಥ ಕಂಪನಿಗಳ ಎಲೆಕ್ಟ್ರಾನಿಕ್ ಮಾದರಿಗಳು ಬಂದವು. ನಂತರ ಗಾರ್ಮಿನ್ ಕಂಪನಿಯ ಎಡ್ಜ್ ಸರಣಿಯೊಂದಿಗೆ ಜಿಪಿಎಸ್ ಸಾಧನಗಳು ಸೈಕಲ್‌ಗೆ ಕಾಲಿಟ್ಟವು. ಈಗ ವಾಹೂ, ಬ್ರೈಟನ್, ಐಜಿಪಿಸ್ಪೋರ್ಟ್ ಮುಂತಾದ ಬ್ರ್ಯಾಂಡ್‌ಗಳೂ ಮಾರುಕಟ್ಟೆಯಲ್ಲಿವೆ.

ಸರಳ ಮಾದರಿ ಕೆಲಸ ಮಾಡುವ ರೀತಿಯೂ ಸರಳ. ಚಕ್ರದ ಕಡ್ಡಿಗೆ ಒಂದು ಅಯಸ್ಕಾಂತ, ಫೋರ್ಕ್‌ಗೆ ಒಂದು ಸೆನ್ಸರ್ ಕೂರಿಸಿರುತ್ತಾರೆ. ಅಯಸ್ಕಾಂತ ಸೆನ್ಸರ್ ಮುಂದೆ ಹಾದುಹೋದಾಗಲೆಲ್ಲ ಒಂದು ಸುತ್ತು ಎಂದು ಲೆಕ್ಕ. ಸುತ್ತುಗಳನ್ನು ಚಕ್ರದ ಸುತ್ತಳತೆಯಿಂದ ಗುಣಿಸಿದರೆ ದೂರ ಸಿಗುತ್ತದೆ, ಅದನ್ನು ಸಮಯದಿಂದ ಭಾಗಿಸಿದರೆ ವೇಗ. ಜಿಪಿಎಸ್ ಮಾದರಿ ಚಕ್ರವನ್ನು ನೋಡುವುದೇ ಇಲ್ಲ. ಉಪಗ್ರಹಗಳ ಸಂಕೇತದಿಂದ ಸಾಮಾನ್ಯವಾಗಿ ಪ್ರತಿ ಸೆಕೆಂಡಿಗೊಮ್ಮೆ ನೀವಿರುವ ಜಾಗವನ್ನು ಗುರುತಿಸಿ, ಆ ಚುಕ್ಕೆಗಳನ್ನು ಜೋಡಿಸಿ ದೂರ ಹೇಳುತ್ತದೆ.

ಸೈಕ್ಲಿಸ್ಟ್‌ಗಳು ಇದನ್ನೇಕೆ ಬಳಸುತ್ತಾರೆ?

ವೇಗ ನೋಡಿ ಖುಷಿಪಡುವುದು ಮೊದಲ ವಾರದ ಮಾತು. ದಿನ ಕಳೆದಂತೆ ಇದರ ನಿಜವಾದ ಉಪಯೋಗಗಳು ಗೊತ್ತಾಗುತ್ತವೆ.

ಮೊದಲನೆಯದು ದಣಿವಿನ ಲೆಕ್ಕ. ಹೊರಟ ಮೊದಲ ಗಂಟೆಯಲ್ಲಿ ಕಾಲುಗಳು ಹಗುರವಾಗಿರುತ್ತವೆ, ಗಂಟೆಗೆ 28 ಕಿ.ಮೀ. ವೇಗವೂ ಸಲೀಸು ಎನಿಸುತ್ತದೆ. ಅದರ ಬೆಲೆ ತೆರಬೇಕಾಗುವುದು ನಾಲ್ಕನೇ ಗಂಟೆಯಲ್ಲಿ. ಕಣ್ಣೆದುರು ಸಂಖ್ಯೆ ಇದ್ದರೆ ಆರಂಭದಲ್ಲೇ ಕೈ ಬಿಗಿ ಹಿಡಿಯಬಹುದು.

ಎರಡನೆಯದು ಕೇಡೆನ್ಸ್, ಅಂದರೆ ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ಸುತ್ತುತ್ತದೆ ಎಂಬ ಲೆಕ್ಕ. ಹೊಸಬರು ಭಾರದ ಗೇರ್ ಹಾಕಿ 50-60 ಸುತ್ತಿನಲ್ಲೇ ತುಳಿಯುತ್ತಾರೆ. ಇದರಿಂದ ಮಂಡಿಯ ಮೇಲೆ ಒತ್ತಡ ಹೆಚ್ಚು. ಅನುಭವಿಗಳು ಸಮತಟ್ಟು ರಸ್ತೆಯಲ್ಲಿ ಹಗುರ ಗೇರ್‌ನಲ್ಲಿ 80-90 ಸುತ್ತು ಕಾಯ್ದುಕೊಳ್ಳುತ್ತಾರೆ. ಕೇಡೆನ್ಸ್ ಸೆನ್ಸರ್ ಇದ್ದರೆ ಈ ಅಭ್ಯಾಸ ಬೇಗ ಕೈಗೂಡುತ್ತದೆ.

ಮೂರನೆಯದು ಹೃದಯ ಬಡಿತ. ಎದೆಗೆ ಕಟ್ಟುವ ಪಟ್ಟಿಯನ್ನು ಕಂಪ್ಯೂಟರ್‌ಗೆ ಜೋಡಿಸಿದರೆ ಏರು ರಸ್ತೆಯಲ್ಲಿ ದೇಹ ಎಷ್ಟು ಶ್ರಮಿಸುತ್ತಿದೆ ಎಂಬುದು ಅಲ್ಲೇ ತಿಳಿಯುತ್ತದೆ. ವೈದ್ಯರು ಮಿತಿ ಹೇಳಿದ್ದರೆ ಅದನ್ನು ದಾಟಿದಾಗ ಎಚ್ಚರಿಸುವಂತೆ ಹೊಂದಿಸಬಹುದು.

ನಾಲ್ಕನೆಯದು ಸೈಕಲ್‌ನ ಆರೈಕೆ. ಒಟ್ಟು ಎಷ್ಟು ಕಿ.ಮೀ. ಓಡಿದೆ ಎಂದು ಗೊತ್ತಿದ್ದರೆ ಚೈನ್ ಸವೆತ ಯಾವಾಗ ನೋಡಬೇಕು, ಟಯರ್ ಮತ್ತು ಬ್ರೇಕ್ ಪ್ಯಾಡ್ ಯಾವಾಗ ಬದಲಿಸಬೇಕು ಎಂಬುದನ್ನು ಊಹೆಗೆ ಬಿಡಬೇಕಿಲ್ಲ.

200 ಕಿ.ಮೀ. ಬ್ರೆವೆ: ಸಂಖ್ಯೆ ದಾರಿ ತಪ್ಪಿಸುವುದು ಹೀಗೆ

ಮುಂಬೈ, ಬೆಂಗಳೂರು ಸೇರಿದಂತೆ ದೇಶದ ಹಲವು ನಗರಗಳಲ್ಲಿ ಬ್ರೆವೆ ಎಂಬ ದೂರದ ಸವಾರಿಗಳು ನಡೆಯುತ್ತವೆ. ಇದರಲ್ಲಿ ಮೊದಲಿಗ, ಎರಡನೆಯವ ಎಂಬುದಿಲ್ಲ. ಗಡುವಿನೊಳಗೆ ಮುಗಿಸಿದವರೆಲ್ಲ ಗೆದ್ದಂತೆ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ ಕಾಲಾವಕಾಶ.

ಇಲ್ಲಿ ಅನೇಕ ಹೊಸಬರು ಎಡವುವುದು ಒಂದೇ ಕಡೆ. ಸೈಕಲ್ ನಿಂತಾಗ ಹೆಚ್ಚಿನ ಕಂಪ್ಯೂಟರ್‌ಗಳು ಸಮಯದ ಎಣಿಕೆಯನ್ನೂ ನಿಲ್ಲಿಸುತ್ತವೆ. ಇದಕ್ಕೆ ಆಟೊ ಪಾಸ್ ಎನ್ನುತ್ತಾರೆ. ಹಾಗಾಗಿ ಪರದೆಯ ಮೇಲೆ ಸರಾಸರಿ 20 ಕಿ.ಮೀ. ಎಂದು ಕಾಣುತ್ತಿರುತ್ತದೆ. ಈ ಲೆಕ್ಕದಲ್ಲಿ 200 ಕಿ.ಮೀ.ಗೆ 10 ಗಂಟೆ ಸಾಕು. ಆದರೆ ತಿಂಡಿ, ಪಂಕ್ಚರ್, ಸಿಗ್ನಲ್, ನೀರು ತುಂಬಿಸುವುದು, ಎಲ್ಲದಕ್ಕೂ ಸೇರಿ ಉಳಿಯುವುದು ಮೂರೂವರೆ ಗಂಟೆ ಮಾತ್ರ. ಬ್ರೆವೆಯ ಗಡಿಯಾರ ನೀವು ಚಹಾ ಕುಡಿಯುವಾಗಲೂ ಓಡುತ್ತಲೇ ಇರುತ್ತದೆ. ಮಧ್ಯದ ತಪಾಸಣಾ ಸ್ಥಳಗಳಿಗೂ ಪ್ರತ್ಯೇಕ ಗಡುವು ಇರುತ್ತದೆ.

ಆದ್ದರಿಂದ ದೂರದ ಸವಾರಿಗೆ ಹೊರಡುವವರು ಓಡಿದ ಸಮಯ ಮತ್ತು ಹೊರಟಾಗಿನಿಂದ ಕಳೆದ ಒಟ್ಟು ಸಮಯ, ಇವೆರಡನ್ನೂ ಒಂದೇ ಪರದೆಯಲ್ಲಿ ತೋರಿಸುವ ಕಂಪ್ಯೂಟರ್ ಆರಿಸಿಕೊಳ್ಳಬೇಕು. ಮೊದಲ ದಿನವೇ ಹಾಗೆ ಹೊಂದಿಸಿಟ್ಟುಕೊಳ್ಳಬೇಕು.

ಜೋಗೇಶ್ವರಿಯಲ್ಲಿ ಜಿಪಿಎಸ್ ಏಕೆ ತಡವರಿಸುತ್ತದೆ?

ಜಿಪಿಎಸ್‌ಗೆ ತೆರೆದ ಆಕಾಶ ಬೇಕು. ಜೋಗೇಶ್ವರಿಯಲ್ಲಿ ಅದೇ ಕಡಿಮೆ. ವೆಸ್ಟರ್ನ್ ಎಕ್ಸ್‌ಪ್ರೆಸ್ ಹೆದ್ದಾರಿಯ ಉದ್ದಕ್ಕೂ ಮೆಟ್ರೊ 7ನೇ ಮಾರ್ಗದ ಎತ್ತರಿಸಿದ ಹಳಿ ಇದೆ. ಲಿಂಕ್ ರೋಡ್ ಮೇಲೆ ಮೆಟ್ರೊ 6ನೇ ಮಾರ್ಗದ ಕಾಂಕ್ರೀಟ್ ಕಂಬಗಳು ಎದ್ದಿವೆ. ಜೊತೆಗೆ ಫ್ಲೈಓವರ್‌ಗಳು, ಬಹುಮಹಡಿ ಕಟ್ಟಡಗಳು. ಉಪಗ್ರಹದ ಸಂಕೇತ ಇವುಗಳಿಗೆ ಬಡಿದು ತಡವಾಗಿ ತಲುಪಿದಾಗ ಸಾಧನ ನಿಮ್ಮನ್ನು ಪಕ್ಕದ ಗಲ್ಲಿಯಲ್ಲಿ ತೋರಿಸಬಹುದು. ಒಮ್ಮೆ 12, ಮರುಕ್ಷಣ 35 ಎಂದು ವೇಗ ಜಿಗಿಯಬಹುದು. ಆರೆಯ ದಟ್ಟ ಮರಗಳ ಕೆಳಗೂ ಇಂಥದೇ ಸಣ್ಣ ತೊಂದರೆ ಇರುತ್ತದೆ.

ಪರಿಹಾರ ಎರಡು. ಜಿಪಿಎಸ್ ಜೊತೆಗೆ ಚಕ್ರದ ಹಬ್‌ಗೆ ಕಟ್ಟುವ ವೇಗದ ಸೆನ್ಸರ್ ಇಟ್ಟುಕೊಂಡರೆ ದೂರ ಮತ್ತು ವೇಗ ಚಕ್ರದಿಂದಲೇ ಬರುತ್ತದೆ, ನಕ್ಷೆಗೆ ಮಾತ್ರ ಉಪಗ್ರಹ. ಇಲ್ಲವೇ ಎರಡು ತರಂಗಾಂತರಗಳಲ್ಲಿ ಸಂಕೇತ ಹಿಡಿಯುವ ಡ್ಯುಯಲ್ ಬ್ಯಾಂಡ್ ಮಾದರಿ ಕೊಳ್ಳಬಹುದು, ಆದರೆ ಅದು ದುಬಾರಿ. ನಗರದೊಳಗೇ ಹೆಚ್ಚು ಓಡಾಡುವವರಿಗೆ ಮೊದಲನೆಯದೇ ಅಗ್ಗದ ದಾರಿ.

ಚಕ್ರದ ಅಳತೆ ತಪ್ಪಿದರೆ ಎಲ್ಲವೂ ತಪ್ಪು

ಅಯಸ್ಕಾಂತದ ಮಾದರಿ ಕೊಂಡವರು ಚಕ್ರದ ಸುತ್ತಳತೆಯನ್ನು ಸರಿಯಾಗಿ ತುಂಬಬೇಕು. 700x25 ಟಯರ್‌ಗೆ ಸುಮಾರು 2105 ಮಿ.ಮೀ., 700x32ಕ್ಕೆ ಸುಮಾರು 2155 ಮಿ.ಮೀ., ಹಳೆಯ ಎಂಟಿಬಿಗಳ 26x1.95 ಟಯರ್‌ಗೆ ಸುಮಾರು 2050 ಮಿ.ಮೀ. ಎಂದು ಕೈಪಿಡಿಗಳಲ್ಲಿ ಇರುತ್ತದೆ. 700x32 ಟಯರ್ ಇರುವ ಸೈಕಲ್‌ಗೆ 2105 ಎಂದು ತುಂಬಿದರೆ 200 ಕಿ.ಮೀ. ಸಾಗಿದ ಮೇಲೂ ಅದು ತೋರಿಸುವುದು 195.4 ಕಿ.ಮೀ. ಮಾತ್ರ. ಹಾದಿಯ ತಿರುವುಗಳನ್ನು ಕಿ.ಮೀ. ಲೆಕ್ಕದಲ್ಲಿ ನೋಡಿಕೊಂಡು ಹೋಗುವವರಿಗೆ ನಾಲ್ಕೂವರೆ ಕಿ.ಮೀ. ವ್ಯತ್ಯಾಸ ಸಣ್ಣದಲ್ಲ.

ಪಟ್ಟಿಗಿಂತ ನಂಬಿಕೆಗೆ ಅರ್ಹವಾದುದು ಸ್ವಂತ ಅಳತೆ. ಟಯರ್‌ಗೆ ಸರಿಯಾಗಿ ಗಾಳಿ ತುಂಬಿಸಿ. ವಾಲ್ವ್ ನೆಲದ ಕಡೆಗಿರುವಾಗ ಸೀಮೆಸುಣ್ಣದಿಂದ ಗುರುತು ಹಾಕಿ. ಸೀಟಿನ ಮೇಲೆ ಕುಳಿತೇ ನೇರವಾಗಿ ಸಾಗಿ, ಚಕ್ರ ಒಂದು ಸುತ್ತು ಪೂರ್ಣಗೊಂಡಲ್ಲಿ ಇನ್ನೊಂದು ಗುರುತು ಹಾಕಿಸಿ. ಎರಡು ಗುರುತುಗಳ ನಡುವಿನ ದೂರವನ್ನು ಟೇಪ್‌ನಿಂದ ಅಳೆದರೆ ಅದೇ ನಿಮ್ಮ ಸಂಖ್ಯೆ. ಕಟ್ಟಡದ ಅಂಗಳದಲ್ಲಿ ಐದು ನಿಮಿಷದ ಕೆಲಸ.

ಮೊಬೈಲ್ ಸಾಕಾಗುವುದಿಲ್ಲವೇ?

ವಾರಕ್ಕೊಮ್ಮೆ ಒಂದೆರಡು ಗಂಟೆ ಸವಾರಿ ಮಾಡುವವರಿಗೆ ಸಾಕು. ಸ್ಟ್ರಾವಾದಂಥ ಆ್ಯಪ್ ಹಾಕಿ ಮೊಬೈಲನ್ನು ಜೇಬಿನಲ್ಲಿಟ್ಟರೆ ದೂರ, ಸಮಯ, ದಾರಿ ಎಲ್ಲವೂ ದಾಖಲಾಗುತ್ತದೆ. ಆದರೆ ಪರದೆ ಉರಿಸಿಟ್ಟು ಹ್ಯಾಂಡಲ್ ಮೇಲೆ ಕೂರಿಸಿದರೆ ಬ್ಯಾಟರಿ ಬೇಗ ಇಳಿಯುತ್ತದೆ, ಬಿಸಿಲಿನಲ್ಲಿ ಪರದೆ ಸರಿಯಾಗಿ ಕಾಣದು, ಮಳೆಹನಿ ಬಿದ್ದರೆ ಟಚ್ ಕೆಲಸ ಮಾಡದು. ಎಲ್ಲಕ್ಕಿಂತ ಮುಖ್ಯವಾಗಿ, ಪಂಕ್ಚರ್ ಆಗಿಯೋ ಬಿದ್ದೋ ನಿಂತಾಗ ಮನೆಗೆ ಫೋನ್ ಮಾಡಲು ಚಾರ್ಜ್ ಉಳಿದಿರಬೇಕು.

ಮುಂಬೈ ಮಳೆಗೆ ತಡೆಯುತ್ತದೆಯೇ?

ಮುಂಬೈ ಉಪನಗರದಲ್ಲಿ ಜುಲೈ ಒಂದೇ ತಿಂಗಳಲ್ಲಿ ಸರಾಸರಿ 800 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಇಲ್ಲಿ ಸಾಧನ ಕೊಳ್ಳುವವರು ಐಪಿಎಕ್ಸ್7 ಎಂಬ ಗುರುತು ನೋಡಬೇಕು. ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಇದ್ದರೂ ಕೆಡದು ಎಂಬುದು ಇದರ ಅರ್ಥ. ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ತೆರೆದಿದ್ದರೆ ಈ ರಕ್ಷಣೆ ನೆಚ್ಚುವಂತಿಲ್ಲ. ಮಳೆಯಲ್ಲಿ ಗ್ಲೌಸ್ ಹಾಕಿದ ಕೈಗೆ ಟಚ್ ಪರದೆಗಿಂತ ಗುಂಡಿಗಳೇ ವಾಸಿ.

ಎತ್ತರ ಅಳೆಯಲು ಗಾಳಿಯ ಒತ್ತಡ ಬಳಸುವ ಮಾದರಿಗಳಲ್ಲಿ ಇನ್ನೊಂದು ಸಂಗತಿ ಇದೆ. ಸಮುದ್ರ ಮಟ್ಟದ ಬಳಿ ಸುಮಾರು 8 ಮೀಟರ್ ಏರಿದರೆ ಒತ್ತಡ ಒಂದು ಮಿಲಿಬಾರ್‌ನಷ್ಟು ಇಳಿಯುತ್ತದೆ. ಮಳೆಮೋಡ ಕವಿದಾಗಲೂ ಒತ್ತಡ ಇಳಿಯುವುದರಿಂದ ಸಮತಟ್ಟು ರಸ್ತೆಯಲ್ಲೇ ಏರು ಹತ್ತಿದಂತೆ ಲೆಕ್ಕ ಬರಬಹುದು. ಲೋನಾವಳ ಕಡೆಯ ಘಾಟ್ ಅಥವಾ ಬೆಂಗಳೂರಿನವರಿಗೆ ಪ್ರಿಯವಾದ ನಂದಿಬೆಟ್ಟ ಹತ್ತುವವರಿಗೆ ಈ ಸೌಲಭ್ಯ ಉಪಯುಕ್ತ. ಮುಂಬೈಯೊಳಗಷ್ಟೇ ಓಡಿಸುವವರು ಇದಕ್ಕೆ ಹೆಚ್ಚು ಹಣ ಕೊಡಬೇಕಿಲ್ಲ.

ನಕ್ಷೆ ಹೇಳಿದ ದಾರಿಯೆಲ್ಲ ಸೈಕಲ್ ದಾರಿಯಲ್ಲ

ಜೋಗೇಶ್ವರಿಯಿಂದ ದಕ್ಷಿಣ ಮುಂಬೈಗೆ ಕಾರಿನ ನಕ್ಷೆ ಬಾಂದ್ರಾ-ವರ್ಲಿ ಸೀ ಲಿಂಕ್ ತೋರಿಸಬಹುದು. ಅಲ್ಲಿ ಸೈಕಲ್‌ಗೂ ಬೈಕ್‌ಗೂ ಪ್ರವೇಶವಿಲ್ಲ. ಕೋಸ್ಟಲ್ ರೋಡ್, ಅಟಲ್ ಸೇತು, ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಗಳಲ್ಲೂ ಇದೇ ನಿಯಮ. ಆದ್ದರಿಂದ ದಾರಿಯನ್ನು ಮನೆಯಲ್ಲೇ ಸೈಕಲ್‌ಗೆಂದು ರೂಪಿಸಿ, ಜಿಪಿಎಕ್ಸ್ ಫೈಲ್ ಆಗಿ ಕಂಪ್ಯೂಟರ್‌ಗೆ ಹಾಕಿಕೊಳ್ಳುವುದು ಕ್ಷೇಮ. ಅಗ್ಗದ ಮಾದರಿಗಳು ಬರೀ ಗೆರೆ ತೋರಿಸುತ್ತವೆ, ಮಧ್ಯಮ ಬೆಲೆಯವು ತಿರುವಿಗೆ ಮುನ್ನ ಎಚ್ಚರಿಸುತ್ತವೆ. ದಾರಿ ತಪ್ಪಿದಾಗ ತಾನೇ ಹೊಸ ದಾರಿ ಹುಡುಕುವ ಸೌಲಭ್ಯ ಸಾಮಾನ್ಯವಾಗಿ ದುಬಾರಿ ಮಾದರಿಗಳಲ್ಲಿದೆ.

ಯಾರಿಗೆ ಯಾವುದು ಸೂಕ್ತ?

* ನಿತ್ಯ ಕಚೇರಿ ಅಥವಾ ಸ್ಟೇಷನ್‌ಗೆ ಹೋಗುವವರು: ಅಯಸ್ಕಾಂತದ ಸರಳ ಮಾದರಿ. ಗುಂಡಿ ಸೆಲ್ ಹಾಕಿದರೆ ತಿಂಗಳುಗಟ್ಟಲೆ ಬರುತ್ತದೆ. ಕಳವಾದರೂ ನಷ್ಟ ಕಡಿಮೆ.
* ವಾರಾಂತ್ಯದಲ್ಲಿ 40-80 ಕಿ.ಮೀ. ಹೋಗುವವರು: ಸಣ್ಣ ಜಿಪಿಎಸ್ ಮಾದರಿ, ಜೊತೆಗೆ ವೇಗ ಅಥವಾ ಕೇಡೆನ್ಸ್ ಸೆನ್ಸರ್.
* ಬ್ರೆವೆ ಸವಾರರು: 15-20 ಗಂಟೆ ಬ್ಯಾಟರಿ, ತಿರುವಿನ ಎಚ್ಚರಿಕೆ, ರಾತ್ರಿ ಬೆಳಕು, ಓಡುತ್ತಿರುವಾಗಲೇ ಪವರ್ ಬ್ಯಾಂಕ್‌ನಿಂದ ಚಾರ್ಜ್ ಮಾಡುವ ಅನುಕೂಲ.
* ಸ್ಪರ್ಧೆಗೆ ತಯಾರಾಗುವವರು: ಪವರ್ ಮೀಟರ್‌ಗೆ ಹೊಂದುವ ಮಾದರಿ. ಎದುರುಗಾಳಿ ಇರಲಿ, ಏರು ಇರಲಿ, ತುಳಿತದ ಬಲವನ್ನು ವ್ಯಾಟ್‌ನಲ್ಲಿ ಇದು ತೋರಿಸುತ್ತದೆ.

ಅಂಗಡಿಯಲ್ಲಿ ಪರೀಕ್ಷಿಸಬೇಕಾದದ್ದು

ಸಾಧನವನ್ನು ಹೊರಗೆ ಬಿಸಿಲಿಗೆ ತಂದು ಕೈಯಳತೆ ದೂರದಿಂದ ಓದಿ ನೋಡಿ. ನಲವತ್ತು ದಾಟಿದವರು ಕನ್ನಡಕವಿಲ್ಲದೆಯೂ ಅಂಕಿ ಕಾಣುತ್ತದೆಯೇ ಎಂದು ಗಮನಿಸಬೇಕು. ಈಗಾಗಲೇ ಸೆನ್ಸರ್ ಇದ್ದರೆ ಅದು ಬ್ಲೂಟೂತ್‌ನದೋ ಆಂಟ್ ಪ್ಲಸ್‌ನದೋ ತಿಳಿದುಕೊಂಡು, ಕಂಪ್ಯೂಟರ್ ಅದಕ್ಕೆ ಹೊಂದುತ್ತದೆಯೇ ಕೇಳಿ. ಹ್ಯಾಂಡಲ್‌ಗೆ ಕೂರಿಸುವ ಮೌಂಟ್ ಜೊತೆಗೇ ಬರುತ್ತದೆಯೇ, ಬೀಳದಂತೆ ಕಟ್ಟುವ ದಾರ ಇದೆಯೇ ನೋಡಿ. ಭಾರತದಲ್ಲೇ ವಾರಂಟಿ ಸಿಗುತ್ತದೆಯೇ ಎಂಬುದನ್ನು ಬಿಲ್ ಮಾಡಿಸುವ ಮುನ್ನ ಖಚಿತಪಡಿಸಿಕೊಳ್ಳಿ.

ಕಣ್ಣು ರಸ್ತೆಯ ಮೇಲಿರಲಿ

ಗಂಟೆಗೆ 25 ಕಿ.ಮೀ. ವೇಗದಲ್ಲಿ ಸೈಕಲ್ ಒಂದು ಸೆಕೆಂಡಿಗೆ ಸುಮಾರು 7 ಮೀಟರ್ ಸಾಗುತ್ತದೆ. ಎರಡು ಸೆಕೆಂಡ್ ಪರದೆ ನೋಡಿದರೆ 14 ಮೀಟರ್ ದಾರಿಯನ್ನು ನೋಡದೆ ದಾಟಿದಂತೆ. ಲಿಂಕ್ ರೋಡ್‌ನಂಥ ವಾಹನ ದಟ್ಟಣೆಯ ರಸ್ತೆಯಲ್ಲಿ ಒಂದು ಗುಂಡಿಗೋ, ಎಡಕ್ಕೆ ನುಗ್ಗುವ ರಿಕ್ಷಾಗೋ ಅಷ್ಟು ಜಾಗ ಸಾಕು. ಹೀಗಾಗಿ ಒಂದು ಪರದೆಯಲ್ಲಿ ಮೂರ್ನಾಲ್ಕು ಅಂಕಿಗಳಿಗಿಂತ ಹೆಚ್ಚು ಬೇಡ. ತಿರುವಿಗೆ ಬೀಪ್ ಶಬ್ದ ಇಟ್ಟುಕೊಳ್ಳಿ, ಉಳಿದ ವಿವರವನ್ನು ಮನೆಗೆ ಬಂದ ಮೇಲೆ ನೋಡಿ.

ಬಜೆಟ್ ಸೀಮಿತವಾಗಿದ್ದರೆ ಮೊದಲು ಹೆಲ್ಮೆಟ್, ಮುಂದೆ-ಹಿಂದೆ ದೀಪ ಮತ್ತು ಪಂಕ್ಚರ್ ಕಿಟ್ ಕೊಳ್ಳಿ. ಉಳಿದ ಹಣಕ್ಕೆ ತಕ್ಕ ಕಂಪ್ಯೂಟರ್ ಬರಲಿ. ಎಷ್ಟು ದೂರ ಬಂದೆ, ಎಷ್ಟು ಸಮಯ ಉಳಿದಿದೆ, ಮುಂದೆ ಎತ್ತ ತಿರುಗಬೇಕು ಎಂಬ ಮೂರು ಪ್ರಶ್ನೆಗಳಲ್ಲಿ ನಿಮಗೆ ಬೇಕಾದವಕ್ಕೆ ಸರಿಯಾದ ಉತ್ತರ ಕೊಡುವ ಸಾಧನವೇ ನಿಮ್ಮ ಪಾಲಿಗೆ ಒಳ್ಳೆಯದು.